ಧರ್ಮೇಶ ‘ಬರ್ತೀನಿ’ ಅಂದುಬಿಟ್ಟದ್ದು

ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನಬಾರದೆಂಬುದು ಧರ್ಮೇಶನಿಗೆ ಗೊತ್ತಿರಲಿಲ್ಲ ಎಂದಲ್ಲ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಐವತ್ತೊಂದು ವರ್ಷ ಕಳೆದವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಬೇರೆ ಮನೆಗಳಿಂದ ಏಳುವಾಗ ‘ಹೋಗ್ತೀನಿ’ ಅಂದರೆ ಕೇಡು, ‘ಬರ್ತೀನಿ’ ಅನ್ನಬೇಕು. ಸೂತಕದ ಮನೆಯಲ್ಲಿ ಮಾತ್ರ ‘ಬರ್ತೀನಿ’ ಅಂದರೆ ಇಂಥದ್ದೇ ಇನ್ನೊಂದು ಕಾರಣಕ್ಕೆ ಬರುತ್ತೇನೆ ಎಂದ ಹಾಗೆ. ಅಲ್ಲಿ ಏನೂ ಹೇಳದೆ, ಯಾರ ಮುಖವನ್ನೂ ನೋಡದೆ, ಚಪ್ಪಲಿ ಮೆಟ್ಟಿ ನಡೆದುಬಿಡಬೇಕು.

ಧರ್ಮೇಶ ಇದನ್ನು ಅಭ್ಯಾಸ ಕೂಡ ಮಾಡಿಕೊಂಡಿದ್ದ. ಬಣಕಲ್ಲಿನಿಂದ ಸಾವಾದ ಮನೆಯಿದ್ದ ಕಾಫಿ ಎಸ್ಟೇಟಿನವರೆಗಿನ ಎರಡೂವರೆ ಕಿಲೋಮೀಟರು ‘ಸುಮ್ಮನೆ ಏಳಬೇಕು, ಸುಮ್ಮನೆ ಏಳಬೇಕು’ ಎಂದು ಗೊಣಗುತ್ತಲೇ ಬಂದಿದ್ದ. ಮೊಹಿದ್ದೀನ್ ಸಾಹೇಬರ ಕಾಫಿ ಗೋದಾಮಿನಲ್ಲಿ ಅವನದು ತೇವಾಂಶ ನೋಡುವ ಕೆಲಸ. ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿ ತಂದ ಪಾರ್ಚ್‌ಮೆಂಟ್ ಕಾಫಿಯನ್ನು ಒಂದು ಬೊಗಸೆ ಮೆಷಿನ್ನಿಗೆ ಹಾಕಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆಯುವುದು. ಹತ್ತೂವರೆಯನ್ನು ಅವನು ಹತ್ತು ಎಂದೂ ಬರೆದವನಲ್ಲ, ಹನ್ನೊಂದು ಎಂದೂ ಬರೆದವನಲ್ಲ. ಅಂಥವನ ಬಾಯಿ ತಪ್ಪುವುದೆಂದರೆ ಗೋಡೆ ಗಡಿಯಾರ ಹಿಂದಕ್ಕೆ ನಡೆದಂತೆ.

ಆದರೆ ಅವತ್ತು ಬೆಳಿಗ್ಗೆ ಹೊಸ್ತಿಲಲ್ಲಿ, ತೀರಿಕೊಂಡ ಗೆಳೆಯ ಚಿಕ್ಕಯ್ಯನ ಹೆಂಡತಿ ಸುಕನ್ಯಾ, ಅತ್ತು ಅತ್ತು ಊದಿಕೊಂಡ ಮುಖದಲ್ಲಿ, ಎಷ್ಟೋ ವರ್ಷದ ರೂಢಿಯಲ್ಲಿ, “ಹೊರಟ್ರಾ ಧರ್ಮೇಶಣ್ಣ?” ಎಂದುಬಿಟ್ಟಳು. ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ತಾನಾಗಿ ಮೇಲೇಳುವುದಿಲ್ಲವೇ, ಹಾಗೆ ಧರ್ಮೇಶನ ಬಾಯಿಂದ ಉತ್ತರ ಹಾರಿತು.

“ಹ್ಞೂಂ ಸುಕನ್ಯಕ್ಕ, ಬರ್ತೀನಿ.”

ಪಕ್ಕದ ಕ್ವಾರ್ಟರ್ಸಿನ ಭಾಗೀರಥಿ ಒಳಗೆ ಲೋಟ ತೊಳೆಯುತ್ತಿದ್ದಳು. ಮೂರು ಲೋಟಗಳು ಒಂದರ ಮೇಲೊಂದು ಬಿದ್ದವು.

“ಎಂತ ಹೇಳಿದ್ರಿ ಮಾರಾಯ್ರೆ ನೀವು!”

ಕೋಣೆಯಿಂದ ಚಿಕ್ಕಯ್ಯನ ತಾಯಿ ದ್ಯಾವಮ್ಮನ ಧ್ವನಿ ಬಂತು. ಎಂಬತ್ತನಾಲ್ಕು ವರ್ಷ. ಊಟಕ್ಕೆ ಕರೆದರೆ ಕೇಳಿಸದ ಕಿವಿ, ಕೇಳಿಸಬಾರದ್ದು ಮಾತ್ರ ಗೋಡೆಯಾಚೆಯಿಂದಲೂ ಕೇಳಿಸುತ್ತಿತ್ತು.

“ಯಾರದು ಬರ್ತೀನಿ ಅಂದಿದ್ದು?”

“ಯಾರೂ ಅನ್ಲಿಲ್ಲ ಅಜ್ಜಿ!” ಎಂದು ಭಾಗೀರಥಿ ಇಡೀ ಸಾಲಿಗೆ ಕೇಳುವಂತೆ ಕೂಗಿದಳು.

“ನಂಗೆ ಕೇಳಿಸ್ತು. ಇನ್ ಯಾರ ಸಾವಿಗೆ ಬರ್ತಾನಂತೆ? ಈ ಮನೇಲಿ ಮುಂದಿನ ಸರದಿ ಯಾರ್ದು ಅಂತ ನಂಗೊತ್ತಿಲ್ವಾ? ಆ ಗಂಜಿ ತಗೊಂಡ್ ಹೋಗಿ, ನಂಗೆ ಬೇಡ. ಹೋಗೋಳಿಗೆ ಎಂತಕ್ಕೆ ಗಂಜಿ?”

ಧರ್ಮೇಶ ಬಾಗಿಲಿನಿಂದಲೇ ಕೈ ಮುಗಿದ. “ಅಯ್ಯೋ ಅವ್ವ, ಹಾಗಲ್ಲ. ನಾನು ಬರಲ್ಲ!”

“ಕೇಳಿದ್ಯಾ ಸುಕನ್ಯಾ? ನನ್ ಮಗ ಹೋಗಿ ಮೂರು ದಿನ ಆಗ್ಲಿಲ್ಲ, ಆಗ್ಲೇ ಬರಲ್ಲ ಅಂತಾನೆ.”

“ಹಾಗೂ ಅಲ್ಲ ಅವ್ವ, ಈಗ ಹೋಗ್ತೀನಿ ಅಂತ ಅಷ್ಟೇ…”

“ಬಿಡ್ತು ಅನ್ನಿ!” ಭಾಗೀರಥಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. “ಒಂದೇ ಉಸಿರಲ್ಲಿ ಮೂರೂ ಹೇಳಿ ಮುಗಿಸಿದ್ರಿ. ಇನ್ನೊಂದು ಮಾತಾಡ್ಬೇಡಿ, ನಡೀರಿ.”

ಗೇಟಿನವರೆಗೂ ಅವಳೇ ಅವನನ್ನು ದಾಟಿಸಿದಳು, ದಾರಿ ತಪ್ಪಿ ಬಂದ ಕರುವನ್ನು ಅಟ್ಟಿದ ಹಾಗೆ. “ನೋಡಿ, ಬೇಜಾರು ಮಾಡ್ಕೊಳ್ಬೇಡಿ. ಸುಕನ್ಯಂಗೆ ಗಂಡ ಹೋದ ಸಂಕಟವೇ ಹೊರೋಕಾಗ್ತಿಲ್ಲ. ಇದರ ಮೇಲೆ ಅಜ್ಜಿ ಊಟ ಬಿಟ್ರೆ? ಇದಕ್ಕೊಂದು ಪರಿಹಾರ ಆಗೋವರೆಗೂ ಈ ಕಡೆ ಕಾಲಿಡ್ಬೇಡಿ.”

ಕಾಲಿಡಬೇಡಿ. ಧರ್ಮೇಶನಿಗೆ ಹೆಂಡತಿ ಮಕ್ಕಳಿಲ್ಲ. ಬಣಕಲ್ಲಿನ ಪಂಚರ್ ಅಂಗಡಿಯ ಮೇಲೊಂದು ಕೋಣೆ, ಅದರಲ್ಲೊಂದು ಮಂಚ, ಒಂದು ಒಲೆ. ಮನೆ ಎಂದು ಅವನ ಪಾಲಿಗೆ ಇದ್ದದ್ದು ಈ ಎಸ್ಟೇಟ್ ಕ್ವಾರ್ಟರ್ಸು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ಚಿಕ್ಕಯ್ಯ ಇಪ್ಪತ್ತಾರು ವರ್ಷದ ಹಿಂದೆ ಒಂದು ಭಾನುವಾರ ಊಟಕ್ಕೆ ಕರೆದಿದ್ದ. ಆಮೇಲೆ ಯಾವ ಭಾನುವಾರವೂ ಕರೆಯುವ ಅಗತ್ಯ ಬೀಳಲಿಲ್ಲ. ಅಕ್ಕಿ ರೊಟ್ಟಿ ತಿನ್ನುತ್ತಾ ಇಬ್ಬರೂ ಮಳೆ ಅಳೆಯುವ ವಿಚಾರದಲ್ಲಿ ಜಗಳ ಆಡುತ್ತಿದ್ದರು. ಚಿಕ್ಕಯ್ಯ ಹಳೆಯ ಇಂಚು-ಸೆಂಟಿನ ಲೆಕ್ಕದವನು, ಧರ್ಮೇಶ ಮಿಲಿಮೀಟರಿನವನು. “ನಿನ್ ಮಿಲಿಮೀಟರ್ ಮಳೆಗೆ ಕಾಫಿ ಹೂ ಬಿಡಲ್ಲ ಮಾರಾಯ” ಎಂದು ಚಿಕ್ಕಯ್ಯ ನಗುತ್ತಿದ್ದ. ಆ ಜಗಳ ಇನ್ನೂ ತೀರ್ಮಾನವಾಗಿರಲಿಲ್ಲ.

ಮೂರು ದಿನದ ಹಿಂದೆ ಚಿಕ್ಕಯ್ಯನಿಗೆ ಎದೆ ಹಿಡಿದುಕೊಂಡಾಗ ಧರ್ಮೇಶನಿಗೆ ಫೋನು ಬಂದಿತ್ತು. “ಗ್ಯಾಸ್ ಇರ್ಬೇಕು, ಮಂಗಳೂರಿಗೆ ಕರ್ಕೊಂಡ್ ಹೋಗ್ತಿದ್ದೀವಿ” ಅಂದರು. ಎದುರಿಗೆ ಒಂದು ಲಾರಿ ಪಾರ್ಚ್‌ಮೆಂಟ್ ಇತ್ತು. ಗ್ಯಾಸ್ ತಾನೆ, ಸಂಜೆ ಫೋನ್ ಮಾಡಿದರಾಯಿತು ಎಂದುಕೊಂಡ. ಆಂಬುಲೆನ್ಸು ಗೋದಾಮಿನ ಮುಂದೆಯೇ ಹಾದುಹೋಯಿತು. ಹಾದುಹೋದಾಗ ಅವನು ಮೆಷಿನ್ನಿನ ಅಂಕಿ ನಿಲ್ಲುವುದನ್ನೇ ಕಾಯುತ್ತಿದ್ದ. ಚಾರ್ಮಾಡಿ ಘಾಟಿ ಇಳಿಯುವ ಮೊದಲೇ ಚಿಕ್ಕಯ್ಯ ಮುಗಿದಿದ್ದ.

ಗೆಳೆಯನನ್ನು ಕಳಿಸಿಕೊಡಲಾಗಲಿಲ್ಲ. ಈಗ ಗೆಳೆಯನ ಮನೆಯೂ ಹೋಯಿತು.

*

ಧರ್ಮೇಶ ಬಸ್ಸಿಳಿದು ಗೋದಾಮು ಸೇರುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಬಂದು ಕುಳಿತಿತ್ತು. ಭಾಗೀರಥಿಯ ವಾಟ್ಸಾಪಿನ ಮುಂದೆ ಬಸ್ಸು ಯಾವ ಲೆಕ್ಕ?

“ಬಾ ಮಾರಾಯ,” ಎಂದರು ಮೊಹಿದ್ದೀನ್ ಸಾಹೇಬರು, ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡುತ್ತಾ. ಚಿಕ್ಕಯ್ಯನ ಮಣ್ಣಿಗೆ ಅವರೂ ಬಂದು ಹೆಗಲು ಕೊಟ್ಟಿದ್ದರು. “ಎಂಬತ್ನಾಲ್ಕು ವರ್ಷದ ಮುದುಕೀಗೆ ಅಪಾಯಿಂಟ್‌ಮೆಂಟ್ ಕೊಟ್ಟು ಬಂದ್ಯಂತೆ?”

ಬೀಜ ಆರಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿ ನಕ್ಕರು.

“ಸಾಹೇಬ್ರೆ, ನಗ್ಬೇಡಿ. ಅಜ್ಜಿ ಗಂಜಿ ಬಿಟ್ಟಿದ್ದಾರೆ. ನನ್ನನ್ನ ಮನೆಗೆ ಬರ್ಬೇಡ ಅಂದಿದ್ದಾರೆ.”

ಸಾಹೇಬರ ಮುಖ ಗಂಭೀರವಾಯಿತು. “ನೀನು ಕನ್ನಡದಲ್ಲಿ ಹೇಳಿದ್ದೇ ತಪ್ಪು ನೋಡು. ಅಜ್ಜಿಗೆ ತಿಳಿಯದ ಭಾಷೇಲಿ ಏನಾದ್ರೂ ಅಂದು ಎದ್ದು ಬಂದಿದ್ರೆ?”

“ನಿಮ್ಮಲ್ಲಿ ಎಂತ ಅಂತೀರಿ?”

“ಖುದಾ ಹಾಫಿಜ್ ಅಂತೀವಿ. ದೇವರು ನೋಡ್ಕೊಳ್ಲಿ ಅಂತ. ಚಂದ ಇದೆ ಅಲ್ವಾ?” ಸಾಹೇಬರು ಸ್ವಲ್ಪ ಯೋಚಿಸಿದರು. “ಆದ್ರೆ ಅದು ದೊಡ್ಡವರ ಎದುರಿಗೆ. ಮನೇಲಿ ಹೆಂಡ್ತಿ ರಹೀಮಾಗೆ ಹೇಳೋದು ‘ಜಾಕೆ ಆತೂಂ’ ಅಂತಲೇ. ಹೋಗಿ ಬರ್ತೀನಿ ಅಂತ. ಅದೂ ನಿಂದೇ ಕತೆ.”

ಧರ್ಮೇಶ ವಿಜ್ಞಾನ ಓದಿದವನು. ಬಿ.ಎಸ್ಸಿ. ಎರಡನೇ ದರ್ಜೆ. ಒಂದು ಸ್ಯಾಂಪಲ್ಲಿನಿಂದ ತೀರ್ಮಾನಕ್ಕೆ ಬರುವುದು ಅವನ ಜಾಯಮಾನವಲ್ಲ. ತೇವಾಂಶದ ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ವಿಚಾರಣೆಗೆ ಹೊರಟ. ಮರಳಿ ಬರುವ ಮಾತು ಕೊಡದೆ ಎದ್ದು ಹೋಗಲು ಯಾವ ಭಾಷೆಯಲ್ಲಾದರೂ ಒಂದು ದಾರಿ ಇರಲೇಬೇಕು.

ಬೀಜ ಆರಿಸುವವರಲ್ಲಿ ಹಿರಿಯಳಾದ ತಮಿಳು ಹೆಂಗಸು, “ಪೋಯಿಟ್ಟು ವರೇನ್ ಅಂತೀವಿ ಸಾರ್, ಹೋಗಿ ಬರ್ತೀನಿ ಅಂತ. ಪೋರೇನ್ ಅಂತ ಮಾತ್ರ ಅಂದ್ರೆ ನಮ್ಮವ್ವ ಹೊಡೀತಿತ್ತು” ಅಂದಳು. ಲಾರಿಯ ಡ್ರೈವರು ತುಳುವಿನವನು. ಬೀಡಿಯ ಹೊಗೆ ಬಿಟ್ಟು “ಪೋದು ಬರ್ಪೆ” ಅಂದ. ಎದುರು ಬೇಕರಿಯ ಕೊಂಕಣಿ ಯಜಮಾನಿ ಬನ್ನು ಕಟ್ಟುತ್ತಾ, “ನಾವು ಹೋಗೋದ್ರ ಸುದ್ದೀನೇ ಎತ್ತಲ್ಲಪ್ಪ, ಬರೀ ‘ಯೆತಾಂ’. ಬರ್ತೀನಿ ಅಂತ ಅಷ್ಟೇ. ಇನ್ನೂ ಬೇಗ ಮುಗೀತದೆ” ಎಂದು ಅವನಿಗೆ ಎರಡು ಬನ್ನು ಹೆಚ್ಚಿಗೆ ಕಟ್ಟಿದಳು. ಇಂಗ್ಲಿಷು ಉಳಿದಿತ್ತು. ಸೂತಕದ ಮನೆಯ ಹೊಸ್ತಿಲಲ್ಲಿ ನಿಂತು ದ್ಯಾವಮ್ಮನಿಗೆ ‘ಬೈ ಬೈ’ ಎಂದು ಕೈ ಬೀಸುವ ತನ್ನ ಚಿತ್ರ ಕಣ್ಣ ಮುಂದೆ ಬಂದು ಧರ್ಮೇಶನಿಗೆ ಮೈ ಬೆವರಿತು.

ಮೂಟೆ ಹೊರುತ್ತಿದ್ದ ಅಸ್ಸಾಮಿನವನೊಬ್ಬ ಇದನ್ನೆಲ್ಲ ನೋಡುತ್ತಿದ್ದ. ಮೂವತ್ತು ದಾಟಿದ ವಯಸ್ಸು, ಕೊಪ್ಪದ ಕಡೆ ಎರಡು ಸುಗ್ಗಿ ದುಡಿದು ಈ ವರ್ಷ ಇತ್ತ ಬಂದವನು. ಅಲ್ಲಿ ಕಲಿತ ಕನ್ನಡದಲ್ಲೇ ಅಂದ, “ನಮ್ಮದಲ್ಲೂ ಹಾಗೇ ಸಾರ್. ‘ಆಹೋಂ’ ಅಂತೀವಿ. ಬರ್ತೀನಿ. ಹೋಗ್ತೀನಿ ಅಂತ ಹೇಳಬಾರದು, ಅಮ್ಮ ಅಳ್ತದೆ.”

“ನೀನು ಹೊರಡುವಾಗ ಹಾಗೇ ಹೇಳಿ ಬಂದ್ಯಾ?”

“ಹೌದು ಸಾರ್.”

“ಯಾವಾಗ?”

“ಮೂರು ವರ್ಷ ಆಯ್ತು,” ಎಂದು ಅವನು ಬೆನ್ನು ಬಗ್ಗಿಸಿ ಮುಂದಿನ ಮೂಟೆಗೆ ಹೆಗಲು ಕೊಟ್ಟ.

ಧರ್ಮೇಶ ಚೀಟಿ ನೋಡಿದ. ಕೇಳಿದ ಭಾಷೆಯಲ್ಲೆಲ್ಲ ಹೋಗುವವರು ಬರುತ್ತೇನೆ ಎಂದೇ ಹೋಗಿದ್ದರು. ಬರದವರು ಕೂಡ. ಅಷ್ಟರಲ್ಲಿ ಸಾಹೇಬರು ಒಳಗಿನಿಂದ ಕೂಗಿದರು.

“ಧರ್ಮೇಶ! ಈ ಲಾಟಿಗೆ ಎಷ್ಟು ಬರ್ದಿದ್ದೀಯ ನೋಡು!”

ಹದಿನಾರು ಇದ್ದ ತೇವವನ್ನು ಅವನು ಹತ್ತು ಎಂದು ಬರೆದಿದ್ದ. ಮುಟ್ಟಿದರೇ ತಿಳಿಯುವಷ್ಟು ಹಸಿ ಕಾಫಿ. ಇಪ್ಪತ್ತಾರು ವರ್ಷದಲ್ಲಿ ಮೊದಲ ತಪ್ಪು. ಬೈಯುತ್ತಾರೆ ಎಂದುಕೊಂಡು ನಿಂತ. ಸಾಹೇಬರು ಬೈಯಲಿಲ್ಲ. ಚೀಟಿಯನ್ನು ಹರಿದು, ಕನ್ನಡಕ ತೆಗೆದು, “ಹೋಗಿ ಶಂಭು ಭಟ್ರನ್ನ ಕೇಳು. ಇವತ್ತು ನೀನು ಇಲ್ಲಿದ್ರೆ ಗೋದಾಮು ಬೂಸ್ಟು ಹಿಡೀತದೆ” ಎಂದರು.

*

ಶಂಭು ಭಟ್ಟರು ದೇವಸ್ಥಾನದ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯ ತುದಿಯಲ್ಲಿದ್ದರು. ಕಾಳುಮೆಣಸು ಕೊಯ್ಯುವ ಆಳು ಕೈಕೊಟ್ಟಿದ್ದರಿಂದ ಪೂಜೆ ಮುಗಿಸಿ ತಾವೇ ಹತ್ತಿದ್ದರು. ಧರ್ಮೇಶ ಕೆಳಗೆ ನಿಂತು ಕತ್ತು ಎತ್ತಿ ಇಡೀ ಕತೆ ಒಪ್ಪಿಸಿದ.

“ಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತ ಅಂತ ಎಂತದೂ ಇಲ್ಲ,” ಮೇಲಿನಿಂದ ದನಿ ಬಂತು. “ಏಣಿ ಹಿಡ್ಕೋ.”

ಧರ್ಮೇಶ ಏಣಿ ಹಿಡಿದ.

“ಶಾಸ್ತ್ರದಲ್ಲಿ ಇಲ್ಲ ಅಂದ್ರೆ ಅಜ್ಜಿ ಗಂಜಿ ಕುಡೀತದಾ? ಕುಡಿಯಲ್ಲ. ಆದ್ದರಿಂದ ಒಂದು ಮಾಡು. ಬರ್ತೀನಿ ಅಂದಿದ್ದೀಯಲ್ಲ? ಇವತ್ತೇ, ಹೊತ್ತು ಮುಳುಗೋದ್ರೊಳಗೆ ಹೋಗಿಬಿಡು. ಅಲ್ಲಿಗೆ ಹೇಳಿದ ಹಾಗೆ ಬಂದ ಹಾಗಾಯ್ತು, ಆ ಮಾತು ಅಲ್ಲಿಗೆ ಸತ್ತಿತು. ಆಮೇಲೆ ಕ್ರಮ ಪ್ರಕಾರ ಎಂತದೂ ಹೇಳದೆ ಎದ್ದು ಬಾ.”

“ಮತ್ತೆ ಬಾಯಿ ತಪ್ಪಿದ್ರೆ ಭಟ್ರೆ?”

“ಅದಕ್ಕೇ ಹೇಳೋದು. ಎಸ್ಟೇಟ್ ಗೇಟು ದಾಟಿದ ಮೇಲೆ, ಮನೆ ಮೆಟ್ಟಿಲು ಇಳಿದು ಅಂಗಳಕ್ಕೆ ಬರೋವರೆಗೂ ಮೌನ. ಯಾರು ಎಂತ ಕೇಳಿದ್ರೂ ಒಂದಕ್ಷರ ಬೀಳಬಾರದು. ಬಿತ್ತೋ, ಕೆಟ್ಟಿತು. ಭಾಗೀರಥಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಸಾಕ್ಷಿಗೆ ಒಬ್ರು ಬೇಕು.”

ಹೊರಡುವಾಗ ಧರ್ಮೇಶ ಅಭ್ಯಾಸಕ್ಕೆ ಶುರು ಮಾಡಿಬಿಡೋಣವೆಂದು ಭಟ್ಟರಿಗೆ ಏನೂ ಹೇಳದೆ ಏಣಿ ಬಿಟ್ಟು ನಡೆದ. “ಹೇಳಿಯಾದ್ರೂ ಹೋಗೋದಲ್ವಾ, ಮನೆಹಾಳ!” ಎಂದು ಭಟ್ಟರು ಕೊಂಬೆ ತಬ್ಬಿಕೊಂಡು ಕೂಗಿದ್ದು ರಸ್ತೆಯವರೆಗೂ ಕೇಳಿಸಿತು.

*

ನಾಲ್ಕೂಮುಕ್ಕಾಲಕ್ಕೆ ಧರ್ಮೇಶ ಎಸ್ಟೇಟ್ ಗೇಟಿನ ಹತ್ತಿರ ನಿಂತು ಉದ್ದವಾಗಿ ಉಸಿರೆಳೆದುಕೊಂಡ, ಬಾವಿಗೆ ಧುಮುಕುವವನ ಹಾಗೆ. ತುಟಿ ಬಿಗಿದು ಒಳಗೆ ಕಾಲಿಟ್ಟ. ಕಾಫಿ ಒಣಗಿಸುವ ಕಣದಾಚೆ ಕ್ವಾರ್ಟರ್ಸಿನ ಜಗುಲಿಯಲ್ಲಿ ಭಾಗೀರಥಿ, ಪರೀಕ್ಷೆಯ ಮೇಲ್ವಿಚಾರಕಿಯಂತೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಇಪ್ಪತ್ತು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ ಜೀಪು ಬಂದು ಪಕ್ಕದಲ್ಲಿ ನಿಂತಿತು. ಎಸ್ಟೇಟಿನ ಮಾಲೀಕರ ಮಗ ವಿವೇಕ. ತಂದೆ ಹಾಸಿಗೆ ಹಿಡಿದ ಮೇಲೆ ಎರಡು ವರ್ಷದಿಂದ ತೋಟ ಅವನೇ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಹುಡುಗ. ಒಂದೇ ತೊಂದರೆ ಎಂದರೆ ಅವನಿಗೆ ಯಾವಾಗಲೂ ಅವಸರ.

“ಧರ್ಮೇಶ್, ನಾನೇ ಬಣಕಲ್ಲಿಗೆ ಬಂದು ನಿಮ್ಮನ್ನ ನೋಡ್ಬೇಕು ಅಂತಿದ್ದೆ. ಒಳ್ಳೇದೇ ಆಯ್ತು.”

ಧರ್ಮೇಶ ನಮಸ್ಕಾರ ಮಾಡಿದ.

“ನೋಡಿ, ಸುಗ್ಗಿ ಅರ್ಧ ಆಗಿದೆ. ಕಣದ ತುಂಬ ಪಾರ್ಚ್‌ಮೆಂಟು. ಚಿಕ್ಕಯ್ಯನವರು ಹೀಗೆ ಹೋಗ್ತಾರೆ ಅಂತ ಯಾರಿಗೆ ಗೊತ್ತಿತ್ತು? ರೈಟರ್ ಇಲ್ದೆ ನಂಗೆ ಒಂದು ದಿನ ನಡೆಯಲ್ಲ. ಅವರ ಜಾಗಕ್ಕೆ ನೀವು ಬಂದ್ಬಿಡಿ. ಅವರೂ ಯಾವಾಗ್ಲೂ ನಿಮ್ಮ ಹೆಸರೇ ಹೇಳ್ತಿದ್ರು. ಧರ್ಮೇಶನ ಅಂಕಿ ತಪ್ಪಲ್ಲ ಅಂತ.”

ಚಿಕ್ಕಯ್ಯ ಧರ್ಮೇಶನೆದುರಿಗೆ ಒಮ್ಮೆಯೂ ಹಾಗೆ ಅಂದಿರಲಿಲ್ಲ. ಅದರ ಹಿಂದೆಯೇ ಎರಡನೆಯ ಯೋಚನೆ ಬಂತು. ಚಿಕ್ಕಯ್ಯನ ಕುರ್ಚಿಯಲ್ಲಿ ತಾನು ಕೂರುವುದೇ? ಸಾಧ್ಯವೇ ಇಲ್ಲ. ಬೇಡ ಎನ್ನಲು ನಾಲಿಗೆ ಮೇಲೆದ್ದಿತು.

ಜಗುಲಿಯಲ್ಲಿ ಭಾಗೀರಥಿ ಒಂದು ಹೆಜ್ಜೆ ಮುಂದೆ ಬಂದಳು.

ಧರ್ಮೇಶ ನಾಲಿಗೆ ಕಚ್ಚಿಕೊಂಡ.

“ಮೊಹಿದ್ದೀನ್ ಸಾಹೇಬ್ರ ಹತ್ರ ನಾನು ಮಾತಾಡ್ತೀನಿ. ಒಂದನೇ ತಾರೀಕಿಂದ ಬನ್ನಿ. ಬೇಡ ಅನ್ನೋದಾದ್ರೆ ಈಗ್ಲೇ ಬಾಯ್ಬಿಟ್ಟು ಹೇಳಿ. ಕಳಸದವನೊಬ್ಬ ಕಾಯ್ತಿದ್ದಾನೆ, ಅವನಿಗೆ ಉತ್ತರ ಕೊಡ್ಬೇಕು.”

ಬಾಯ್ಬಿಟ್ಟು ಹೇಳಿ! ಒಂದೇ ಒಂದು ಮಾತು ಸಾಕಿತ್ತು. ಆ ಮಾತಿನ ಒಂದು ಕಡೆ ಈ ಕೆಲಸ, ಇನ್ನೊಂದು ಕಡೆ ದ್ಯಾವಮ್ಮನ ಗಂಜಿ ಮತ್ತು ಬದುಕಿರುವವರೆಗಿನ ಭಾನುವಾರಗಳು. ಧರ್ಮೇಶ ಎರಡೂ ಕೈ ಜೋಡಿಸಿ ಎದೆಯ ಮುಂದೆ ಎಡಕ್ಕೂ ಬಲಕ್ಕೂ ಆಡಿಸಿದ. ಕಣ್ಣಿನಲ್ಲಿ ನೀರು ತುಂಬಿಕೊಂಡಿತು.

“ಅಯ್ಯೋ, ಇದಕ್ಕೆಲ್ಲ ಕೈ ಮುಗೀತಾರಾ!” ವಿವೇಕನ ದನಿಯೂ ಒದ್ದೆಯಾಯಿತು. “ನಂಗರ್ಥ ಆಗತ್ತೆ. ಮಾತು ಹೊರಡ್ತಿಲ್ಲ ನಿಮಗೆ. ಆಯ್ತು, ಅಲ್ಲಿಗೆ ತೀರ್ಮಾನ.” ಜೀಪು ಹೊರಟೇಬಿಟ್ಟಿತು. ಧರ್ಮೇಶ ಅದರ ಹಿಂದೆ ನಾಲ್ಕು ಹೆಜ್ಜೆ ಕೈ ಬೀಸುತ್ತಾ ಓಡಿದ. ವಿವೇಕ ಕನ್ನಡಿಯಲ್ಲಿ ನೋಡಿ ತಾನೂ ಕೈ ಬೀಸಿದ.

ಹೋಗಲಿ. ನಾಳೆ ಬೆಳಿಗ್ಗೆ ಫೋನ್ ಮಾಡಿ ಬೇಡ ಎಂದರಾಯಿತು. ಈಗ ಮುಖ್ಯವಾದದ್ದು ಮನೆ.

*

ಮನೆಯೊಳಗೆ ಮೌನ ಇನ್ನೂ ಕಷ್ಟವಾಯಿತು. ಸುಕನ್ಯಾ ಚಾಪೆ ಹಾಸಿ “ಮಧ್ಯಾಹ್ನ ಊಟ ಮಾಡಿದ್ರಾ?” ಎಂದಳು. ಧರ್ಮೇಶ ಹೊಟ್ಟೆ ಮುಟ್ಟಿ ತೋರಿಸಿದ. “ಹೊಟ್ಟೆನೋವಾ?” ಎಂದಳು. ಭಾಗೀರಥಿ ಹಿಂದಿನಿಂದ “ಮಾತಾಡಿಸ್ಬೇಡಿ, ಮಾತಾಡಿಸ್ಬೇಡಿ” ಎಂದು ಸನ್ನೆ ಮಾಡುತ್ತಾ, ಅವನಿಗಿಂತ ತಾನೇ ದೊಡ್ಡ ವ್ರತ ಹಿಡಿದವಳಂತೆ ಒದ್ದಾಡುತ್ತಿದ್ದಳು.

ದ್ಯಾವಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಧರ್ಮೇಶ ಮಂಚದ ಪಕ್ಕ ನೆಲದ ಮೇಲೆ ಕುಳಿತ. ಗೋಡೆಯ ಮೊಳೆಯಲ್ಲಿ ಚಿಕ್ಕಯ್ಯನ ಸ್ವೆಟರು ನೇತಾಡುತ್ತಿತ್ತು. ಮೊಣಕೈಯ ಹತ್ತಿರ ಬೇರೆ ಬಣ್ಣದ ಉಣ್ಣೆಯಲ್ಲಿ ತೇಪೆ ಹಾಕಿದ್ದ ಸ್ವೆಟರು.

“ಬಂದ್ಯಾ?” ಎಂದಳು ಮುದುಕಿ, ಈ ಕಡೆ ತಿರುಗದೆ.

ಧರ್ಮೇಶ ಮಂಚದ ಹತ್ತಿರಕ್ಕೆ ಜರುಗಿದ.

“ಬೆಳಿಗ್ಗೆ ಬರ್ತೀನಿ ಅಂದೆ, ಸಂಜೆ ಬಂದೆ.” ನಿಧಾನವಾಗಿ ಮಗ್ಗುಲಾದಳು. ಕಣ್ಣು ಅವನ ಮುಖವನ್ನು ಹುಡುಕಿತು. “ಅವನೂ ಆಂಬುಲೆನ್ಸ್ ಹತ್ತುವಾಗ ಹಾಗೇ ಅಂದ ಕಣೋ. ಬರ್ತೀನಿ ಕಣವ್ವ, ಗಂಜಿ ಕುಡಿದು ಮಲಕೋ ಅಂದ. ನಾನು ಕುಡಿದು ಮಲಗಿದೆ. ಅವನು ಬರ್ಲಿಲ್ಲ.”

ಧರ್ಮೇಶ ಕೆಳತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿದ. ಮೌನವ್ರತಕ್ಕೆ ಈಗ ಭಾಗೀರಥಿಯ ಕಾವಲು ಬೇಕಿರಲಿಲ್ಲ.

“ನಿಂಗೆ ಹೇಳಿ ಹೋಗ್ಲಿಲ್ಲ ಅಂತ ದಾರೀಲಿ ಅಂದ್ನಂತೆ. ಸುಕನ್ಯಾ ಹೇಳಿದ್ಲು. ಗೋದಾಮಿನ ಹತ್ರ ನಿಲ್ಸಿ ಅಂದ್ನಂತೆ. ನಿಲ್ಸೋಕೆ ಪುರುಸೊತ್ತು ಎಲ್ಲಿತ್ತು?” ಮುದುಕಿಯ ಕೈ ಚಾದರದಿಂದ ಹೊರಬಂದು ಅವನ ತಲೆಯ ಮೇಲೆ ಕುಳಿತಿತು. ಒಣಗಿದ ಎಲೆಯಷ್ಟೇ ಭಾರ. “ಅಳಬೇಡ. ನೀನಾದ್ರೂ ಹೇಳಿದ ಹಾಗೆ ಬಂದ್ಯಲ್ಲ. ಆದಿತ್ಯವಾರನೂ ಬಾ. ತಪ್ಪಿಸ್ಬೇಡ. ಭಾಗೀರಥೀ, ಎಲ್ಲಿ ಆ ಗಂಜಿ?”

ಭಾಗೀರಥಿ ಗಂಜಿ ತರಲು ಓಡಿದಳು. ದ್ಯಾವಮ್ಮ ಉಪ್ಪಿನಕಾಯಿ ನೆಂಚಿಕೊಂಡು ಪೂರ್ತಿ ಬಟ್ಟಲು ಕುಡಿದು, ಉಪ್ಪು ಕಡಿಮೆ ಎಂದು ದೂರಿದಳು. ಅಲ್ಲಿಗೆ ಅವಳು ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಹೊರಡುವ ಹೊತ್ತು. ಧರ್ಮೇಶ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಹೊಸ್ತಿಲು ದಾಟಿದ. ಚಪ್ಪಲಿ ಮೆಟ್ಟಿದ. ಮೂರು ಮೆಟ್ಟಿಲು, ಒಂದು, ಎರಡು, ಮೂರು. ಪಾದ ಅಂಗಳದ ಮಣ್ಣು ಮುಟ್ಟಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಮನೆಯಿಂದ ಏನೂ ಹೇಳದೆ ಇಳಿದಿದ್ದ, ಒಂದಕ್ಷರವೂ ತಪ್ಪದೆ. ಭಾನುವಾರ ಉಳಿಯಿತು. ಕಣದ ಮೇಲಿನ ಕಾಫಿಯನ್ನು ಸಂಜೆಯ ಮಂಜಿಗೆ ಮುಂಚೆ ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತಿದ್ದರು. ಅವನಿಗೆ ಹಸಿವಾಯಿತು. ಮೂರು ದಿನದಿಂದ ಆಗದ ಹಸಿವು.

“ಧರ್ಮೇಶಣ್ಣ.”

ಸುಕನ್ಯಾ ಹಿಂದೆಯೇ ಇಳಿದು ಬಂದಿದ್ದಳು. ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಳು, ಕೋಣೆಯ ಕಿಟಕಿಗೆ ಕೇಳಿಸದಷ್ಟು ದೂರ.

“ಅತ್ತೆ ಗಂಜಿ ಕುಡೀತಿದ್ದಾಗ ವಿವೇಕ್ ಸರ್ ಫೋನ್ ಮಾಡಿದ್ರು. ನೀವು ಒಪ್ಕೊಂಡ್ರಂತೆ.”

ಧರ್ಮೇಶನಿಗೆ ಕೊನೆಗೂ ಬಾಯಿ ಬಂತು. ಬಂದ ರಭಸಕ್ಕೆ ಮಾತು ತೊದಲಿತು. “ಇಲ್ಲ ಸುಕನ್ಯಕ್ಕ! ನಾನು ಒಪ್ಪಿಲ್ಲ. ಮಾತಾಡೋ ಹಾಗಿರ್ಲಿಲ್ಲ, ಭಟ್ರು ಹೇಳಿದ್ರು, ಅದಕ್ಕೆ… ಬೆಳಿಗ್ಗೆ ಬೇಡ ಅಂತ ಹೇಳ್ಬಿಡ್ತೀನಿ. ಚಿಕ್ಕಯ್ಯನ ಕುರ್ಚೀಲಿ ನಾನು ಕೂರಲ್ಲ.”

“ಕುರ್ಚಿ ಅಲ್ಲ ಧರ್ಮೇಶಣ್ಣ.” ಅವಳು ಮನೆಯ ಕಡೆ ನೋಡಿದಳು. “ಇದು ರೈಟರ್ ಕ್ವಾರ್ಟರ್ಸ್ ಅಲ್ವಾ?”

ಧರ್ಮೇಶ ತಿರುಗಿ ಮನೆಯ ಬಾಗಿಲು ನೋಡಿದ. ಇಪ್ಪತ್ತಾರು ವರ್ಷ ಅವನು ಈ ಮನೆಯನ್ನು ಚಿಕ್ಕಯ್ಯನ ಮನೆ ಎಂದೇ ಕರೆದಿದ್ದ. ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ಬರೆದ ಎಸ್ಟೇಟಿನ ನಂಬರು ಇದ್ದದ್ದನ್ನು ಇವತ್ತಿನವರೆಗೂ ಓದಿರಲಿಲ್ಲ.

“ಕೆಲಸಕ್ಕೆ ಬರೋರಿಗೆ ಮನೆ. ಸರ್ ಒಳ್ಳೇವ್ರು, ಇನ್ನೆರಡು ತಿಂಗಳು ಇರಿ ಅಂದ್ರು. ನಾನೇ ಬೇಡ ಅಂದೆ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ತರೀಕೆರೆಗೆ, ನಮ್ಮಣ್ಣನ ಮನೆಗೆ ಹೊರಡ್ತೀವಿ. ಇವತ್ತು ಹೋದ್ರೂ ಅಷ್ಟೇ, ಎರಡು ತಿಂಗಳಾದ್ರೂ ಅಷ್ಟೇ.”

“ನಾನು ಬೇಡ ಅಂದ್ರೆ?”

“ಕಳಸದವನು ಬರ್ತಾನೆ.”

ಪಕ್ಕದ ಜಗುಲಿಯಲ್ಲಿ ಭಾಗೀರಥಿ ಫೋನು ಕಿವಿಗಿಟ್ಟುಕೊಂಡಿದ್ದಳು. ಗುಟ್ಟು ಹೇಳುವಾಗ ಅವಳ ಗಂಟಲು ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು. “ಹೌದು ಮಾರಾಯ್ತಿ, ರೈಟರ್ ಕೆಲಸ ಅವರಿಗೇ ಅಂತೆ, ಮನೆಯೂ. ನಂಗೀಗ ಗೊತ್ತಾಯ್ತು ನೋಡು, ಬೆಳಿಗ್ಗೆ ಎಲ್ಲರ ಎದುರಿಗೆ ಅಷ್ಟು ಧೈರ್ಯವಾಗಿ ಎಂತಕ್ಕೆ ಹಾಗೆ ಅಂದ್ರು ಅಂತ.”

ಧರ್ಮೇಶನ ಮುಖ ಸುಟ್ಟಂತಾಯಿತು. “ಸುಕನ್ಯಕ್ಕ, ದೇವರಾಣೆ ನಾನು…”

“ನಂಗೆ ಗೊತ್ತು. ಅವರು ಹೇಳ್ಕೊಳ್ಲಿ ಬಿಡಿ.” ಅವಳು ಕಲ್ಲಿನ ಮೇಲಿದ್ದ ಸೋಪಿನ ಚೂರನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು. “ನೀವೇ ಇರಿ ಧರ್ಮೇಶಣ್ಣ. ಯಾರೋ ಬರೋದಕ್ಕಿಂತ. ಅಡುಗೆಮನೆ ಕಿಟಕಿ ಚಿಲಕ ಬೀಳಲ್ಲ, ಹಗ್ಗ ಕಟ್ಬೇಕು. ಬಚ್ಚಲ ಒಲೇಲಿ ಹಸಿ ಸೌದೆ ಹಾಕಿದ್ರೆ ಹೊಗೆ ಎಲ್ಲ ಕೋಣೆಗೆ ಬರತ್ತೆ. ಅತ್ತೆಗೆ ಇನ್ನೂ ಹೇಳಿಲ್ಲ.”

ಒಳಗಿನಿಂದ ದ್ಯಾವಮ್ಮನ ದನಿ ಗಟ್ಟಿಯಾಗಿ ಬಂತು. ಗಂಜಿಯ ಶಕ್ತಿ. “ಸುಕನ್ಯಾ! ಆದಿತ್ಯವಾರಕ್ಕೆ ಅಕ್ಕಿ ಹಿಟ್ಟು ಇದೆಯಾ ನೋಡು, ಅವನು ಬರ್ತಾನೆ!”

ಸುಕನ್ಯಾ “ಇದೆ ಅತ್ತೆ” ಎಂದು ಕೂಗಿ ಹೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, ಕಣ್ಣು ಕಣದ ಮೇಲೆಯೇ ಇಟ್ಟು, ಕೇಳಿದಳು.

“ಒಂದು ಉಪಕಾರ ಮಾಡಿ. ನಾವು ಹೊರಡೋ ದಿನ ನೀವು ಮುಂಚೆಯೇ ಬಂದು ಮನೇಲಿರಿ. ಖಾಲಿ ಮನೆಗೆ ಬೀಗ ಹಾಕ್ಕೊಂಡು ಹೊರಡೋಕೆ ಅತ್ತೆಗೆ ಆಗಲ್ಲ. ಬಾಗಿಲಲ್ಲಿ ನಿಂತು ಹೋಗಿ ಬನ್ನಿ ಅನ್ನೋಕೆ ಒಬ್ರು ಬೇಕು.”

ಈಗ ಬಾಯಿ ತೆರೆಯಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಧರ್ಮೇಶ ಆಗಲಿ ಎಂಬಂತೆ ತಲೆಯಾಡಿಸಿದ.